ರಾಳದೊಳಗಿನ ಬಣ್ಣ, ಬುಗುರಿಯ ಮೇಲಿನ ಗೆರೆ

ಮಜ್ಜಿಗೆ ಕಡೆಯುವುದಕ್ಕೂ ಬುಗುರಿ ಕಡೆಯುವುದಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ. ಒಂದರಲ್ಲಿ ಕಡೆಗೋಲು ತಿರುಗುತ್ತದೆ. ಇನ್ನೊಂದರಲ್ಲಿ ಮರದ ತುಂಡು ತಿರುಗುತ್ತದೆ, ಉಳಿ ಒಂದೆಡೆ ಊರಿಕೊಂಡು ನಿಂತಿರುತ್ತದೆ. ಅಷ್ಟೇ ವ್ಯತ್ಯಾಸ. ಮರ ಕಡೆಯುವ ಊರು ಎಂದರೆ ನಮ್ಮ ರಾಜ್ಯದಲ್ಲಿ ಎಲ್ಲರಿಗೂ ನೆನಪಾಗುವುದು ಚನ್ನಪಟ್ಟಣ. ಅಲ್ಲಿಂದ ಹೆಚ್ಚು ದೂರವಲ್ಲದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವನು ನಾನು. ಹಾಗಾಗಿ ನನ್ನ ತರಗತಿಯಲ್ಲಿ ಪ್ರತಿವರ್ಷವೂ ಒಬ್ಬಿಬ್ಬರಾದರೂ ಲೇತಿನ ಸದ್ದು ಕೇಳಿಕೊಂಡೇ ಬೆಳೆದ ಮಕ್ಕಳಿರುತ್ತಾರೆ.

ಆದರೆ ನಾನು ಹೇಳಹೊರಟಿರುವುದು ಮರದ ವಿಷಯವಲ್ಲ, ರಾಳದ ವಿಷಯ. ಈಚೆಗೆ ಪೆನ್ನಿನ ಕೊಳವೆ, ಬಳೆ, ಮಣಿ, ಚಾಕುವಿನ ಹಿಡಿ, ಬಾಗಿಲಿನ ಗುಬುಟು ಮುಂತಾದುವನ್ನು ಎಪಾಕ್ಸಿ ಎಂಬ ಕೃತಕ ರಾಳದಿಂದ ಕಡೆಯುವ ಹವ್ಯಾಸ ಬಹಳ ಕಡೆ ಹಬ್ಬಿದೆ. ದ್ರವರೂಪದ ರಾಳಕ್ಕೆ ಬಣ್ಣ ಹಾಕಿ ಅಚ್ಚಿನಲ್ಲಿ ಹೊಯ್ಯುತ್ತಾರೆ. ಅದು ಗಡುಸಾದ ಮೇಲೆ ಒಂದು ಗಟ್ಟಿ ಸಿಗುತ್ತದೆ, ಬೆಲ್ಲದ ಅಚ್ಚಿನ ಹಾಗೆ. ಆ ಗಟ್ಟಿಯನ್ನು ಲೇತಿಗೆ ಸಿಕ್ಕಿಸಿ ಕಡೆದರೆ ಒಳಗಿದ್ದ ಬಣ್ಣದ ಚಿತ್ತಾರ ಹೊರಬರುತ್ತದೆ. ಅಮೃತಶಿಲೆಯ ನರಗಳಂತೆ, ಮೋಡದಂತೆ, ನವಿಲುಗರಿಯಂತೆ ಕಾಣುವ ಆ ಚಿತ್ತಾರವನ್ನು ಯಾರೂ ಕುಂಚ ಹಿಡಿದು ಬರೆದಿರುವುದಿಲ್ಲ. ಹಾಗಾದರೆ ಅದನ್ನು ಬರೆದವರು ಯಾರು? ನಮ್ಮ ವಿಜ್ಞಾನ ಸಂಘದ ಮಕ್ಕಳಿಗೆ ಕಳೆದ ವರ್ಷ ನಾನು ಕೊಟ್ಟ ಪ್ರಶ್ನೆ ಇದು.

ಉತ್ತರಕ್ಕೆ ಹೋಗುವ ಮುನ್ನ ಅರಗಿನ ವಿಷಯ ಎರಡು ಮಾತು. ಅರಗೆಂದರೆ ದುರ್ಯೋಧನ ಪಾಂಡವರಿಗಾಗಿ ಕಟ್ಟಿಸಿದ ಮನೆ ನೆನಪಾಗುವುದು ಸಹಜ. ಮುತ್ತುಗ, ಬೋರೆ ಮುಂತಾದ ಮರಗಳ ಎಳೆ ಕೊಂಬೆಗೆ ಕಚ್ಚಿಕೊಂಡು ರಸ ಹೀರುವ ಒಂದು ಪುಟ್ಟ ಕೀಟ ತನ್ನ ಮೈಸುತ್ತ ಸುರಿಸಿಕೊಳ್ಳುವ ರಾಳವೇ ಅರಗು. ಚನ್ನಪಟ್ಟಣದ ಕುಶಲಕರ್ಮಿ ಅದಕ್ಕೆ ಬಣ್ಣ ಬೆರೆಸಿ ಕಡ್ಡಿ ಮಾಡಿಟ್ಟುಕೊಳ್ಳುತ್ತಾನೆ. ಆಲೆಮರದ ತುಂಡು ಲೇತಿನಲ್ಲಿ ಗಿರಗಿರನೆ ತಿರುಗುತ್ತಿರುವಾಗ ಆ ಕಡ್ಡಿಯನ್ನು ಒತ್ತಿಹಿಡಿಯುತ್ತಾನೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿಯನ್ನು ಒತ್ತಿ ಎಳೆದರೆ ಬಣ್ಣ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಒಲೆಯಿಲ್ಲ, ಕುಂಚವಿಲ್ಲ, ಒಣಗಲು ಕಾಯುವ ಕೆಲಸವೂ ಇಲ್ಲ. ಘರ್ಷಣೆಯಿಂದ ಉಷ್ಣ ಹುಟ್ಟುತ್ತದೆ ಎಂದು ಹೇಳಿಕೊಡಲು ನಾವು ಮೇಷ್ಟ್ರುಗಳು ಇವತ್ತಿಗೂ ಅಂಗೈ ಉಜ್ಜಿಸುತ್ತೇವೆ; ಪಕ್ಕದ ಬೀದಿಗೆ ಕರೆದುಕೊಂಡು ಹೋದರೆ ಸಾಕು.

ಈ ಅರಗಿಗೂ ಇವತ್ತಿನ ಕೃತಕ ರಾಳಕ್ಕೂ ಒಂದು ಹಳೆಯ ನಂಟಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿದ್ಯುತ್ ಯಂತ್ರಗಳ ತಂತಿಸುರುಳಿಗೆ ವಿದ್ಯುನ್ನಿರೋಧಕವಾಗಿ ಅರಗನ್ನೇ ಬಳಿಯುತ್ತಿದ್ದರು. ಗ್ರಾಮಫೋನ್ ತಟ್ಟೆಗಳಿಗೂ ಅದೇ ಬೇಕಾಗಿತ್ತು. ಹುಳುಗಳಿಂದ ಬರುವ ಸರಕು, ಬಹುಪಾಲು ನಮ್ಮ ದೇಶದಿಂದಲೇ ಹೋಗಬೇಕಾದದ್ದು; ಬೇಡಿಕೆ ಏರಿದಷ್ಟು ಬೆಲೆಯೂ ಏರಿತು. ಅರಗಿಗೆ ಬದಲಿಯೊಂದನ್ನು ಹುಡುಕುತ್ತ ಹೊರಟ ಲಿಯೊ ಬೇಕ್‌ಲ್ಯಾಂಡ್ ಎಂಬ ಬೆಲ್ಜಿಯಂ ಮೂಲದ ಅಮೆರಿಕದ ರಸಾಯನವಿಜ್ಞಾನಿ 1907ರಲ್ಲಿ ಬೇಕಲೈಟನ್ನು ತಯಾರಿಸಿದ. ಪೂರ್ತಿಯಾಗಿ ಮನುಷ್ಯನೇ ಕೂಡಿಸಿ ಮಾಡಿದ ಮೊದಲ ಪ್ಲಾಸ್ಟಿಕ್ಕು ಅದು. ಒಂದು ಗುಣದಲ್ಲಿ ಮಾತ್ರ ಅದು ಅರಗಿಗೆ ತದ್ವಿರುದ್ಧ. ಅರಗನ್ನು ಎಷ್ಟು ಸಲ ಬೇಕಾದರೂ ಕರಗಿಸಬಹುದು. ಬೇಕಲೈಟ್ ಒಮ್ಮೆ ಗಡುಸಾದರೆ ಮತ್ತೆ ಕರಗದು. ಎಪಾಕ್ಸಿಯೂ ಇದೇ ಜಾತಿಗೆ ಸೇರಿದ್ದು. ಬೆಣ್ಣೆ ಕರಗುತ್ತದೆ, ಬೆಂದ ಮೊಟ್ಟೆ ಕರಗುವುದಿಲ್ಲ ಎಂದು ತರಗತಿಯಲ್ಲಿ ಹೇಳಿದರೆ ಮಕ್ಕಳಿಗೆ ಥಟ್ಟನೆ ತಿಳಿಯುತ್ತದೆ. ಈ ಗುಣದ ಮಾತು ಮುಂದೆ ಬೇರೊಬ್ಬರ ಬಾಯಿಂದ ಇನ್ನೂ ಖಾರವಾಗಿ ಬರಲಿದೆ.

ನಮ್ಮ ಮನೆಯ ಹಿತ್ತಿಲಿನಲ್ಲಿ ಒಂದು ಶೀಟಿನ ಮಾಡಿದೆ. ಅಲ್ಲಿ ಹಳೆಯದೊಂದು ಪುಟ್ಟ ಲೇತು ಇಟ್ಟುಕೊಂಡಿದ್ದೇನೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಆರೇಳು ಮಕ್ಕಳು ಅಲ್ಲಿಗೆ ಬರುತ್ತಾರೆ. ನಿಯಮ ಒಂದೇ: ದ್ರವರೂಪದ ರಾಳವನ್ನು ನಾನಲ್ಲದೆ ಬೇರೆ ಯಾರೂ ಮುಟ್ಟಕೂಡದು. ಅದರ ಕಾರಣವನ್ನು ತಂದೆತಾಯಿಯರು ತಿಳಿದಿರಲೇಬೇಕು. ಎಪಾಕ್ಸಿ ಮತ್ತೆ ಮತ್ತೆ ಚರ್ಮಕ್ಕೆ ತಗುಲಿದರೆ ಕೆಲವರಿಗೆ ಅಲರ್ಜಿ ಹತ್ತುತ್ತದೆ. ಒಮ್ಮೆ ಹತ್ತಿತೆಂದರೆ ಸಾಮಾನ್ಯವಾಗಿ ಜೀವಮಾನವಿಡೀ ಬಿಡುವುದಿಲ್ಲ. ಕೈಗವುಸು, ಕನ್ನಡಕ, ಚೆನ್ನಾಗಿ ಗಾಳಿಯಾಡುವ ಜಾಗ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಅಡುಗೆಮನೆಯ ಪಾತ್ರೆಯನ್ನಂತೂ ತರಲೇಬಾರದು. ಗುಳ್ಳೆ ಬರದಿರಲೆಂದು ಅಚ್ಚನ್ನು ಒತ್ತಡದ ಡಬ್ಬಿಯಲ್ಲಿ ಇಡುವವರಿದ್ದಾರೆ. ಒತ್ತಡ ನಾಲ್ಕು ಪಟ್ಟಾದರೆ ಗುಳ್ಳೆಯ ಗಾತ್ರ ಕಾಲುಭಾಗಕ್ಕೆ ಇಳಿಯುತ್ತದೆ ಎಂಬ ಬಾಯ್ಲನ ನಿಯಮ ಅದು. ಹಾಗೆಂದು ಮನೆಯ ಪ್ರೆಷರ್ ಕುಕ್ಕರಿಗೆ ಗಾಳಿ ತುಂಬಲು ಹೋಗುವುದು ಬಾಂಬು ತಯಾರಿಸಿದಂತೆಯೇ ಸರಿ. ನಾವು ಆ ಗೋಜಿಗೇ ಹೋಗಿಲ್ಲ. ನಿಧಾನವಾಗಿ ಗಡುಸಾಗುವ ರಾಳವನ್ನು ತೆಳ್ಳಗೆ ಧಾರೆಯಾಗಿ ಹೊಯ್ದರೆ ಗುಳ್ಳೆಗಳಿಗೆ ಮೇಲೆದ್ದು ಹೋಗಲು ಸಮಯ ಸಿಗುತ್ತದೆ.

ಎಪಾಕ್ಸಿ ಎರಡು ಬಾಟಲಿಗಳಲ್ಲಿ ಬರುತ್ತದೆ: ರಾಳ ಒಂದರಲ್ಲಿ, ಗಡುಸುಕಾರಿ ಇನ್ನೊಂದರಲ್ಲಿ. ಎರಡನೆಯದನ್ನು ಹಾಲಿಗೆ ಹಾಕುವ ಹೆಪ್ಪು ಎಂದು ತಿಳಿಯುವವರೇ ಹೆಚ್ಚು. ಸ್ವಲ್ಪ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂದು ಅವರ ಲೆಕ್ಕ. ಅದು ಹೆಪ್ಪಲ್ಲ. ಪ್ರತಿಯೊಂದು ಅಣುವೂ ರಾಳದ ಅಣುಗಳೊಂದಿಗೆ ಕೈಹಿಡಿದು ಬಲೆ ನೇಯಬೇಕು. ಹೆಚ್ಚಾದರೆ ಜೋಡಿ ಸಿಗದ ಅಣುಗಳು ಹಾಗೇ ಉಳಿದು ಗಟ್ಟಿ ಜಿಗುಟಾಗುತ್ತದೆ. ಡಬ್ಬಿಯ ಮೇಲೆ ಬರೆದ ಪ್ರಮಾಣವನ್ನು ತೂಕದ ಲೆಕ್ಕವೋ ಅಳತೆಯ ಲೆಕ್ಕವೋ ನೋಡಿಕೊಂಡು ಚಾಚೂ ತಪ್ಪದೆ ಅನುಸರಿಸಬೇಕು. ರಾಸಾಯನಿಕ ಸಮೀಕರಣವನ್ನು ಸರಿದೂಗಿಸಲು ಬೇಸರಪಡುವ ಮಕ್ಕಳಿಗೆ ಸರಿದೂಗದ ಸಮೀಕರಣವನ್ನು ಬೆರಳಿನಿಂದ ಮುಟ್ಟಿ ನೋಡುವ ಅವಕಾಶ ಇಲ್ಲಿದೆ. ಕೈಗವುಸು ಹಾಕಿಕೊಂಡು ಎನ್ನಿ.

ಇನ್ನು ಬಣ್ಣಕ್ಕೆ ಬರೋಣ. ಕಲಸಿದ ರಾಳವನ್ನು ಮೂರು ಲೋಟಗಳಿಗೆ ಹಂಚಿ ನೀಲಿ, ಬಿಳಿ, ಹಳದಿ ಬಣ್ಣದ ಪುಡಿ ಸೇರಿಸಿದೆವು. ಮೊದಲ ಶನಿವಾರ, ಕಲಸಿದ ಐದು ನಿಮಿಷಕ್ಕೇ ಮೂರನ್ನೂ ಒಟ್ಟಿಗೆ ಒಂದು ಅಚ್ಚಿಗೆ ಹೊಯ್ದು ಕಡ್ಡಿಯಿಂದ ಎರಡು ಸಲ ಎಳೆದೆವು. ಎರಡನೆಯ ಅಚ್ಚಿಗೆ ಅರ್ಧ ಗಂಟೆ ಕಾದು ಹೊಯ್ದೆವು. ಎರಡನ್ನೂ ಹೋಲಿಸಿ ನೋಡಲಿ ಎಂಬುದು ನನ್ನ ಉದ್ದೇಶ. ಮೂರು ದಿನ ಬಿಟ್ಟು ಕೊಯ್ದು ನೋಡಿದರೆ ಮೊದಲನೆಯದು ಮಬ್ಬು ಮಬ್ಬಾದ ತಿಳಿಹಸಿರು ಗಟ್ಟಿ, ಚಿತ್ತಾರವೇ ಇಲ್ಲ. ಎರಡನೆಯದರಲ್ಲಿ ನೀಲಿ ನೀಲಿಯಾಗಿ, ಬಿಳಿ ಬಿಳಿಯಾಗಿ, ನಡುವೆ ಕೂದಲೆಳೆಯಷ್ಟು ತೆಳುವಾದ ಗಡಿ! ಬಣ್ಣ ಅದೇ, ಅಚ್ಚು ಅದೇ, ಕಡ್ಡಿ ಎಳೆದ ಕೈಯೂ ಅದೇ. ಬೇರೆಯಾದದ್ದು ಹೊಯ್ದ ಹೊತ್ತು ಒಂದೇ.

ಹೊತ್ತು ಎಂದರೆ ಇಲ್ಲಿ ಗಡಿಯಾರವಲ್ಲ, ಸ್ನಿಗ್ಧತೆ. ದ್ರವದ ಪದರಗಳು ಒಂದರ ಮೇಲೊಂದು ಜಾರಲು ಎಷ್ಟು ಹಟ ಮಾಡುತ್ತವೆ ಎಂಬುದರ ಅಳತೆ ಅದು. ನೀರಿನದನ್ನು 1 ಎಂದುಕೊಂಡರೆ ಗ್ಲಿಸರಿನ್ನಿನದು ಸಾವಿರಕ್ಕೂ ಮೇಲೆ, ಜೇನುತುಪ್ಪದ್ದು ಹಲವು ಸಾವಿರ. ಹದಕ್ಕೆ ಬಂದ ರಾಳ ಇವೆರಡರ ಆಸುಪಾಸಿನಲ್ಲಿರುತ್ತದೆ. 1883ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ಹರಿಯುವ ನೀರಿಗೆ ಬಣ್ಣದ ಎಳೆಯೊಂದನ್ನು ಬಿಟ್ಟು ನೋಡಿದ. ವೇಗ ಕಡಿಮೆಯಿದ್ದಾಗ ಎಳೆ ದಾರದಂತೆ ನೇರವಾಗಿ ಸಾಗಿತು. ವೇಗ ಒಂದು ಮಿತಿ ದಾಟಿದೊಡನೆ ಸುಳಿಯೆದ್ದು ಚದುರಿಹೋಯಿತು. ದ್ರವದ ಸಾಂದ್ರತೆ, ವೇಗ, ಪಾತ್ರೆಯ ಅಗಲ ಇವನ್ನು ಗುಣಿಸಿ ಸ್ನಿಗ್ಧತೆಯಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಇಂದು ಅವನದೇ ಹೆಸರಿದೆ. ಎರಡು ಸೆಂಟಿಮೀಟರ್ ಅಗಲದ ಅಚ್ಚಿನಲ್ಲಿ ಸೆಕೆಂಡಿಗೆ ಹತ್ತು ಸೆಂಟಿಮೀಟರ್ ವೇಗದಲ್ಲಿ ಕಡ್ಡಿ ಆಡಿಸಿದರೆ ನೀರಿಗೆ ಈ ಸಂಖ್ಯೆ ಸುಮಾರು 2000. ನೀರಿನ ಸಾವಿರ ಪಟ್ಟು ಸ್ನಿಗ್ಧತೆಯ ರಾಳಕ್ಕೆ ಬರೇ 2. ಅಂದರೆ ಮಂದವಾದ ರಾಳದಲ್ಲಿ ಸುಳಿ ಏಳುವ ಪ್ರಶ್ನೆಯೇ ಇಲ್ಲ. ಬಣ್ಣಗಳು ಒಂದನ್ನೊಂದು ತಳ್ಳುತ್ತವೆ, ಮಡಚುತ್ತವೆ, ಉದ್ದಕ್ಕೆ ಎಳೆಯುತ್ತವೆ, ಆದರೆ ಬೆರೆಯುವುದಿಲ್ಲ.

ಈ ಮಾತನ್ನು ನಂಬದವರಿಗೆ ಕೇಂಬ್ರಿಜ್ಜಿನ ಜಿ. ಐ. ಟೇಲರ್ 1960ರ ದಶಕದಲ್ಲಿ ಒಂದು ಚಲನಚಿತ್ರದಲ್ಲಿ ಮಾಡಿ ತೋರಿಸಿದ ಪ್ರಯೋಗವಿದೆ. ಒಂದರೊಳಗೊಂದು ಇಟ್ಟ ಎರಡು ಪಾರದರ್ಶಕ ಕೊಳವೆಗಳ ನಡುವೆ ಗ್ಲಿಸರಿನ್ ತುಂಬಿ, ಅದರಲ್ಲಿ ಒಂದು ಬಣ್ಣದ ಬೊಟ್ಟು. ಒಳಗಿನ ಕೊಳವೆಯನ್ನು ಕೆಲವು ಸುತ್ತು ತಿರುಗಿಸಿದರೆ ಬೊಟ್ಟು ಹರಡಿ ಮಾಯವಾದಂತೆ ಕಾಣುತ್ತದೆ. ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿದರೆ ಬೊಟ್ಟು ಮತ್ತೆ ಮೊದಲಿದ್ದಲ್ಲಿಯೇ ಕೂಡಿಕೊಂಡು ಪ್ರತ್ಯಕ್ಷ! ನಾವು ಇದನ್ನು ಎರಡು ಪ್ಲಾಸ್ಟಿಕ್ ಲೋಟಗಳಲ್ಲಿ ಮಾಡಿದೆವು. ಮಕ್ಕಳು ಮಂತ್ರವಾದಿಯನ್ನು ನೋಡಿದಂತೆ ನನ್ನನ್ನು ನೋಡಿದರು. ಮೇಷ್ಟ್ರ ವೃತ್ತಿಯಲ್ಲಿ ಅಂಥ ಗಳಿಗೆ ಆಗಾಗ ಬರುವುದಿಲ್ಲ. ರಾಳದ ಚಿತ್ತಾರವೆಂದರೆ ಕಡ್ಡಿ ಹಿಡಿದ ಕೈ ಯಾವ ದಾರಿಯಲ್ಲಿ ಹೋಯಿತು ಎಂಬುದರ ಅಳಿಸದ ದಾಖಲೆ ಎಂದು ಆಮೇಲೆ ಬಿಡಿಸಿ ಹೇಳಬೇಕಾಗಲಿಲ್ಲ.

ಕದಡುವ ಕೈ ನಿಂತ ಮೇಲೂ ಬಣ್ಣ ತಾನಾಗಿ ಹರಡುವುದುಂಟು. ಅದು ವಿಸರಣೆ. ನೀರಿನಲ್ಲಿ ಕರಗಿದ ಬಣ್ಣ ಒಂದು ಗಂಟೆಯಲ್ಲಿ ವಿಸರಣೆಯೊಂದರಿಂದಲೇ ಹೆಚ್ಚುಕಡಿಮೆ ಎರಡು ಮಿಲಿಮೀಟರ್ ಸರಿಯುತ್ತದೆ. ಸಾವಿರ ಪಟ್ಟು ಮಂದವಾದ ದ್ರವದಲ್ಲಿ ಅದು ಒಂದು ಮಿಲಿಮೀಟರಿನ ಹತ್ತನೆಯ ಒಂದಂಶಕ್ಕೂ ಕಡಿಮೆ. ಪುಡಿಬಣ್ಣವಾದರೆ ಅದೂ ಇಲ್ಲ, ಕಣಗಳು ಅಷ್ಟು ದಪ್ಪ. ಹಾಗೆಂದು ತೀರ ಬೇಗ ಹೊಯ್ದರೆ ಆ ದಪ್ಪ ಕಣಗಳು ತಳಕ್ಕೆ ಇಳಿಯುತ್ತವೆ. ಮಿನುಗು ಪುಡಿ ಹಾಕಿದವರ ಗಟ್ಟಿಯಲ್ಲಿ ಮಿನುಗೆಲ್ಲ ಒಂದೇ ಕಡೆ ಕೂತಿರುವುದು ಇದೇ ಕಾರಣಕ್ಕೆ.

ಪುಡಿಗಳಲ್ಲಿ ನನಗೆ ಅಚ್ಚುಮೆಚ್ಚಾದದ್ದು ಮುತ್ತಿನ ಹೊಳಪಿನ ಪುಡಿ. ಅದು ಬೇರೇನೂ ಅಲ್ಲ, ನಮ್ಮ ಹಳ್ಳಿಗಳಲ್ಲಿ ಕಾಗೆಬಂಗಾರವೆಂದು ಮಕ್ಕಳು ಆಯ್ದುಕೊಳ್ಳುವ ಅಭ್ರಕದ ಸಣ್ಣ ಚಕ್ಕೆಗಳು, ಅವುಗಳ ಮೇಲೆ ಟೈಟಾನಿಯಂ ಡಯಾಕ್ಸೈಡಿನ ಅತಿ ತೆಳುವಾದ ಲೇಪ. ಸೋಪಿನ ಗುಳ್ಳೆಯಲ್ಲಿ ಬಣ್ಣ ಕಾಣುವ ರೀತಿಯಲ್ಲೇ ಇಲ್ಲೂ ಬೆಳಕಿನ ಅಲೆಗಳ ವ್ಯತಿಕರಣದಿಂದ ಬಣ್ಣ ಕಾಣುತ್ತದೆ. ಈ ಚಕ್ಕೆಗಳು ಹೊಳೆಯಲ್ಲಿ ತೇಲುವ ಎಲೆಗಳ ಹಾಗೆ ಹರಿವಿನ ದಿಕ್ಕಿಗೆ ಮಲಗುತ್ತವೆ. ಮಲಗಿದ ಕಡೆ ಹೊಳಪು, ನಿಂತ ಕಡೆ ನೆರಳು. ಆದ್ದರಿಂದ ಒಂದೇ ಬಣ್ಣ ಹಾಕಿ ಒಮ್ಮೆ ಕಡ್ಡಿ ಎಳೆದರೂ ರೇಷ್ಮೆ ಸೀರೆಯ ನೆರಿಗೆಯಂಥ ಚಿತ್ತಾರ ಮೂಡುತ್ತದೆ. ಮೂರು ನಾಲ್ಕು ಬಣ್ಣ ತಂದು ಗಲಿಬಿಲಿ ಮಾಡುವುದಕ್ಕಿಂತ ಇದೇ ಚೆಂದ ಎಂದು ನನ್ನ ಅಭಿಪ್ರಾಯ. ಕೆಂಪನ್ನೂ ಹಸಿರನ್ನೂ ಒಂದೇ ಅಚ್ಚಿಗೆ ಸುರಿದು ಕೆಸರಿನ ಬಣ್ಣ ಪಡೆದವರು ಒಪ್ಪುತ್ತಾರೆ.

ಹಾಗಾದರೆ ಆ ಹದ ಯಾವಾಗ ಬರುತ್ತದೆ? ಡಬ್ಬಿಯ ಮೇಲೆ ನಿಮಿಷಗಳ ಲೆಕ್ಕವೇನೋ ಇರುತ್ತದೆ. ಆದರೆ ಉಷ್ಣತೆ ಹತ್ತು ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಡಿಸೆಂಬರಿನ ಮಡಿಕೇರಿಯ ಲೆಕ್ಕ ಮೇ ತಿಂಗಳ ರಾಯಚೂರಿಗೆ ನಡೆಯದು. ಅಲ್ಲದೆ ರಾಳ ಗಡುಸಾಗುವಾಗ ತಾನೇ ಬಿಸಿಯಾಗುತ್ತದೆ. ತೆಳ್ಳಗೆ ಹರಡಿದರೆ ಬಿಸಿ ಹೊರಹೋಗುತ್ತದೆ. ಲೋಟದ ತುಂಬ ಇದ್ದರೆ ಒಳಗೇ ಕೂಡಿಕೊಂಡು ಹೊಗೆಯಾಡುವುದೂ ಉಂಟು. ಹೀಗಾಗಿ ಹದವನ್ನು ಕಣ್ಣಿನಿಂದಲೇ ಕಂಡುಕೊಳ್ಳಬೇಕು.

ಅದನ್ನು ಕಂಡುಕೊಂಡವನು ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಹೆಸರು ಬೇಡ. ಅಂಕಪಟ್ಟಿಯ ದೃಷ್ಟಿಯಿಂದ ಹಿಂದಿನ ಬೆಂಚು. ಎರಡನೆಯ ಶನಿವಾರ ಎಲ್ಲರೂ ಗಡಿಯಾರ ನೋಡುತ್ತಿದ್ದಾಗ ಅವನು ಲೋಟದಿಂದ ಕಡ್ಡಿ ಎತ್ತಿಹಿಡಿಯುವಂತೆ ನನಗೆ ಹೇಳಿದ. ಇಳಿಯುವ ಎಳೆಯನ್ನು ದಿಟ್ಟಿಸಿ, “ಇನ್ನೂ ನೀರೈತೆ ಸಾರ್, ಈಗ ಬ್ಯಾಡಿ” ಎಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ, “ಈಗ ಹುಯ್ರಿ” ಎಂದ. ಹೊಯ್ದೆವು. ಅವತ್ತಿನ ಗಟ್ಟಿಯಷ್ಟು ಸ್ಪಷ್ಟವಾದ ಚಿತ್ತಾರ ಅದುವರೆಗೆ ಬಂದಿರಲಿಲ್ಲ. ಹೇಗೆ ಗೊತ್ತಾಯಿತೆಂದು ಕೇಳಿದರೆ, “ಅರಗು ಕಾಯ್ಸಿ ಎಳೀವಾಗ ನಮ್ಮಪ್ಪ ಹಿಂಗೇ ನೋಡ್ತಿದ್ರು” ಎಂದ. ಆಮೇಲೆ ನಾವು ಆ ನೋಟವನ್ನೇ ಅಳತೆಯಾಗಿ ಮಾಡಿದೆವು. ಎರಡು ನಿಮಿಷಕ್ಕೊಮ್ಮೆ ಕಡ್ಡಿ ಎತ್ತಿ, ಎಳೆ ಎಷ್ಟು ಸೆಕೆಂಡು ತುಂಡಾಗದೆ ಇಳಿಯುತ್ತದೆ ಎಂದು ಎಣಿಸಿ ನಕ್ಷೆ ಹಾಳೆಯಲ್ಲಿ ಗುರುತು ಹಾಕಿದೆವು. ಮೊದಲು ಚಪ್ಪಟೆಯಾಗಿ ಸಾಗುವ ಗೆರೆ ಆಮೇಲೆ ಸರ್ರನೆ ಮೇಲೇರುತ್ತದೆ. ಹುಡುಗ “ಈಗ” ಎಂದ ಬಿಂದು ಎಲ್ಲ ಶನಿವಾರಗಳಲ್ಲೂ ಆ ತಿರುವಿಗೆ ತುಸು ಮುಂಚೆಯೇ ಬಿದ್ದಿತ್ತು.

ಇಷ್ಟರಲ್ಲಿ ಹುಡುಗನ ತಂದೆ ಶಾಲೆಗೆ ಬಂದರು. ಇಪ್ಪತ್ತೈದು ವರ್ಷ ಅರಗಿನ ಬಣ್ಣ ಹಾಕಿದ ಕೈ ಅವರದು. ಈಗ ಗೂಡ್ಸ್ ಆಟೋ ಓಡಿಸುತ್ತಾರೆ. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಬಂದು ಅರ್ಧ ಕೆಲಸ ಹೋಯಿತು, 2023ರಲ್ಲಿ ಹೊಸ ಹೆದ್ದಾರಿ ಊರನ್ನು ಹೊರಗೇ ಬಿಟ್ಟು ಹೋದಮೇಲೆ ಉಳಿದ ಅರ್ಧವೂ ಹೋಯಿತು ಎಂಬುದು ಅವರ ಲೆಕ್ಕ. ನಿಂತುಕೊಂಡೇ ಕೇಳಿದರು: “ಮೇಷ್ಟ್ರೇ, ಲೇತಿಂದ ಬಿಡಿಸಾಕೆ ನಾನು ಸಾಲ ಮಾಡಿ ಓದಿಸ್ತಿದೀನಿ. ನೀವು ಮತ್ತೆ ಅದರ ಮುಂದೇ ನಿಲ್ಲಿಸ್ತೀರಲ್ಲ, ಇದು ನ್ಯಾಯವಾ?”

ನನ್ನ ಬಳಿ ಥಟ್ಟನೆ ಹೇಳುವ ಉತ್ತರವಿರಲಿಲ್ಲ. ಇತರ ಪೋಷಕರು ಬಂದು, ಶನಿವಾರದ ಈ ಆಟದಿಂದ ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಅಂಕ ಬರುತ್ತದೆ ಎಂದು ಕೇಳಿದಾಗಲೆಲ್ಲ ಸುಲಭವಾಗಿ ಮಾತಾಡಿ ಕಳಿಸುತ್ತೇನೆ. ಈ ಮನುಷ್ಯನ ಮಾತು ಅಂಕದ್ದಲ್ಲ. ಕುರ್ಚಿ ಕೊಟ್ಟು ಕೂರಿಸಿ ಬೀರುವಿನಿಂದ ಒಂದು ಬುಗುರಿ ತೆಗೆದು ಕೊಟ್ಟೆ.

ಆ ಬುಗುರಿಯ ವಿಷಯ ಹೇಳಬೇಕು. ಕಡ್ಡಿ ಎಳೆಯುವ ಚಿತ್ತಾರ ಒಂದು ಬಗೆಯಾದರೆ ಪದರದ ಚಿತ್ತಾರ ಇನ್ನೊಂದು ಬಗೆ. ಬಿಳಿ ರಾಳ ಒಂದಿಷ್ಟು ಹೊಯ್ದು, ಅದು ಹರಿಯುವುದನ್ನು ನಿಲ್ಲಿಸಿ ಮೇಲೆ ಇನ್ನೂ ಅಂಟು ಇರುವಾಗಲೇ ನೀಲಿ ಹೊಯ್ಯಬೇಕು. ಆಗ ಎರಡೂ ಬಿಡದಂತೆ ಬೆಸೆಯುತ್ತವೆ. ಪೂರ್ತಿ ಗಡುಸಾಗಿಬಿಟ್ಟಿದ್ದರೆ ಉಪ್ಪುಕಾಗದದಿಂದ ಉಜ್ಜಿ ಹೊಯ್ಯಬೇಕು. ಹೀಗೆ ಹತ್ತು ಹನ್ನೆರಡು ಪದರ. ಈ ಗಟ್ಟಿಯಿಂದ ಶಂಕುವಿನ ಆಕಾರದ ಬುಗುರಿ ಕಡೆದರೆ ಪದರದ ಗಡಿಗಳೆಲ್ಲ ಮೈಮೇಲೆ ಗೆರೆಗಳಾಗಿ ಕಾಣುತ್ತವೆ. ಪದರಗಳು ಬುಗುರಿಯ ಅಕ್ಷಕ್ಕೆ ಅಡ್ಡವಾಗಿದ್ದರೆ ಗೆರೆಗಳು ವೃತ್ತ. ಸ್ವಲ್ಪ ಓರೆಯಾಗಿದ್ದರೆ ದೀರ್ಘವೃತ್ತ. ಓರೆ ಹೆಚ್ಚಿ ಬುಗುರಿಯ ಇಳಿಜಾರಿಗೇ ಸಮಾಂತರವಾದರೆ ಪರವಲಯ. ಇನ್ನೂ ಕಡಿದಾಗಿ ಅಕ್ಷದ ದಿಕ್ಕಿಗೆ ನಿಂತರೆ ಅತಿಪರವಲಯ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್ ಗಣಿತಜ್ಞ ಅಪೊಲೋನಿಯಸ್ ಗ್ರಂಥವನ್ನೇ ಬರೆದ, ಮೊದಲ ಪಿಯುಸಿಯ ಮಕ್ಕಳು ಸೂತ್ರ ಉರುಹೊಡೆದು ಒದ್ದಾಡುವ ಶಂಕುಜಗಳೆಲ್ಲ ಒಂದು ಆಟದ ಬುಗುರಿಯ ಮೈಮೇಲೆ! ನಾಲ್ಕು ಬುಗುರಿಗಳನ್ನು ಸಾಲಾಗಿ ಇಟ್ಟು ನೋಡಿದ ಹುಡುಗ, ಎಲ್ಲವೂ ಒಂದೇ ಗಟ್ಟಿಯಿಂದ ಬಂದದ್ದು, ಕೊಯ್ದ ಓರೆ ಮಾತ್ರ ಬೇರೆ ಎಂದು ಯಾರೂ ಹೇಳದೆ ಹೇಳಿದ್ದ. ಸೂತ್ರ ಅವನಿಗೆ ಇನ್ನೂ ಗೊತ್ತಿಲ್ಲ. ಅದಕ್ಕೆ ಎರಡು ವರ್ಷ ಬಾಕಿಯಿದೆ.

ತಂದೆ ಬುಗುರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಹೆಬ್ಬೆರಳಿನಿಂದ ಮೈ ಸವರಿದರು. “ನುಣುಪು ಚೆನ್ನಾಗಿ ಬಂದೈತೆ” ಎಂದರು. ಆಮೇಲೆ, “ಇದರ ಹೊಟ್ಟು ಏನ್ ಮಾಡ್ತೀರ?” ಎಂದು ಕೇಳಿದರು. “ನಮ್ಮ ಮರದ ಹೊಟ್ಟು ಒಲೆಗೆ ಹೋಗ್ತದೆ, ತಿಪ್ಪೆಗೆ ಹಾಕಿದ್ರೆ ಮಣ್ಣಾಗ್ತದೆ. ಅರಗು ಉಳಿದ್ರೆ ತಿರುಗಾ ಕಾಯಿಸ್ಕೊಬೋದು. ಇದು?”

ಈ ಮಾತಿನಲ್ಲಿ ರಸಾಯನವಿಜ್ಞಾನವೂ ಇದೆ, ಗಣಿತವೂ ಇದೆ. ಶಂಕುವಿನ ಘನಫಲ ಅದೇ ಪಾದ, ಅದೇ ಎತ್ತರದ ಸಿಲಿಂಡರಿನ ಮೂರನೆಯ ಒಂದು ಭಾಗ ಎಂದು ಹತ್ತನೆಯ ತರಗತಿಯ ಪುಸ್ತಕ ಹೇಳುತ್ತದೆ. ದುಂಡನೆಯ ಗಟ್ಟಿಯಿಂದ ಬುಗುರಿ ಕಡೆದರೆ ಮೂರರಲ್ಲಿ ಎರಡು ಪಾಲು ಹೊಟ್ಟು. ಚೌಕದ ಗಟ್ಟಿಯಿಂದಾದರೆ ನೂರಕ್ಕೆ ಎಪ್ಪತ್ತನಾಲ್ಕು ಪಾಲು. ಕಿಲೋಗೆ ಹಲವು ನೂರು ರೂಪಾಯಿ ಕೊಟ್ಟು ತಂದ ರಾಳದ ಮುಕ್ಕಾಲು ಪಾಲು ಕರಗದ, ಕೊಳೆಯದ ಪ್ಲಾಸ್ಟಿಕ್ ಎಳೆಯಾಗಿ ನೆಲದ ಮೇಲೆ ಬೀಳುತ್ತದೆ. ಗುಡಿಸಿ ಚೀಲದಲ್ಲಿ ತುಂಬಿಟ್ಟಿದ್ದೇವೆ ಎಂದು ಹೇಳಿದೆ. “ಚೀಲದಲ್ಲಿಟ್ರೆ ಎಲ್ಲಿಗೋಯ್ತು?” ಎಂದು ಅವರು ಕೇಳಿದರು. ಅಷ್ಟಕ್ಕೇ ಮಾತು ನಿಂತಿತು. ಮಗ ಬಾಗಿಲ ಹೊರಗೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ಮುಂದಿನ ಎರಡು ಶನಿವಾರ ಹುಡುಗ ಬರಲಿಲ್ಲ. ಮೂರನೆಯ ಶನಿವಾರ ಬಂದಾಗ ಕೈಯಲ್ಲೊಂದು ಪ್ಲಾಸ್ಟಿಕ್ ಆಲಿಕೆ, ಸೀಮೆಣ್ಣೆ ಸುರಿಯಲು ಬಳಸುತ್ತಿದ್ದಂಥದು. ಮೂತಿಗೆ ಜೇಡಿಮಣ್ಣು ತುರುಕಿದ್ದ. “ಶಂಕು ಬೇಕಂದ್ರೆ ಶಂಕುನಲ್ಲೇ ಹುಯ್ಯಾಣ ಸಾರ್. ಚೌಕದಲ್ಲಿ ಹುಯ್ದು ಯಾಕೆ ಕೆತ್ತಬೇಕು?” ಪಾಲಿಥೀನಿನ ಮೈಗೆ ಎಪಾಕ್ಸಿ ಹಿಡಿಯುವುದಿಲ್ಲ, ಗಡುಸಾದ ಮೇಲೆ ಸಲೀಸಾಗಿ ಕಳಚಿಬರುತ್ತದೆ. ಇನ್ನೂ ಒಂದು ಅನುಕೂಲ ಅವನಿಗೇ ಹೊಳೆದಿತ್ತು. ಆಲಿಕೆಯನ್ನು ಓರೆಯಾಗಿ ಒರಗಿಸಿಟ್ಟರೂ ಒಳಗಿನ ದ್ರವದ ಮೈ ಮಟ್ಟವಾಗಿಯೇ ನಿಲ್ಲುತ್ತದೆ. ಹಾಗಾಗಿ ಗಟ್ಟಿಯನ್ನು ಓರೆಯಾಗಿ ಕೊಯ್ಯದೆಯೇ ಓರೆ ಪದರ ಸಿಗುತ್ತದೆ, ಮೈಮೇಲೆ ದೀರ್ಘವೃತ್ತ ಮೂಡುತ್ತದೆ. ಪ್ರತಿ ಪದರಕ್ಕೂ ಒರಗಿಸುವ ದಿಕ್ಕನ್ನು ಬದಲಿಸಿದರೆ ಗೆರೆಗಳು ತೆಕ್ಕೆ ಬಿದ್ದ ಬಳೆಗಳಂತೆ ಕಾಣುತ್ತವೆ. ಲೇತಿನಲ್ಲಿ ಉಳಿದ ಕೆಲಸ ಮೇಲ್ಮೈಯನ್ನು ಸವರಿ ನುಣುಪು ಮಾಡುವುದಷ್ಟೇ. ಆ ದಿನದ ಹೊಟ್ಟು ಒಂದು ಬೊಗಸೆಯೂ ಆಗಲಿಲ್ಲ.

ಆ ಬುಗುರಿಗೆ ಮೊಳೆ ಹೊಡೆದವರು ತಂದೆಯೇ. ಶನಿವಾರ ಸಂಜೆ ಮಗನನ್ನು ಕರೆದೊಯ್ಯಲು ಆಟೋ ತಂದವರು, ಸೀಟಿನ ಕೆಳಗಿನಿಂದ ಬಟ್ಟೆಯಲ್ಲಿ ಸುತ್ತಿದ ತಮ್ಮ ಹಳೆಯ ಉಳಿಯನ್ನು ತೆಗೆದು ನಮ್ಮ ಲೇತಿನ ಮೇಲೆ ತಾವೇ ಒಂದು ಸುತ್ತು ಮೈ ತಿದ್ದಿ ಕೊಟ್ಟರು. ಚಾಟಿ ಸುತ್ತಿ ಅಂಗಳದಲ್ಲಿ ಬೀಸಿದಾಗ ಮಕ್ಕಳೆಲ್ಲ ಬಗ್ಗಿ ನೋಡಿದರು. ಓರೆ ಗೆರೆಗಳೆಲ್ಲ ಕಲೆಸಿಹೋಗಿ ಮಂಜಿನಂಥ ಪಟ್ಟಿಯಾದವು. ಅಕ್ಷಕ್ಕೆ ಅಡ್ಡವಾಗಿದ್ದ ಒಂದೇ ಒಂದು ವೃತ್ತ ಮಾತ್ರ, ಬುಗುರಿ ತಿರುಗುತ್ತಲೇ ಇಲ್ಲವೇನೋ ಎಂಬಂತೆ ಅಲುಗಾಡದೆ ನಿಂತಿತ್ತು. ಯಾಕೆ ಹಾಗೆ ಎಂದು ಮಕ್ಕಳನ್ನು ಕೇಳಿದೆ. ಅದನ್ನು ಓದುಗ ಮಿತ್ರರಿಗೂ ಬಿಟ್ಟಿದ್ದೇನೆ.

ಹುಡುಗ ಈಗ ಹತ್ತನೆಯ ತರಗತಿ. ಡಿಸೆಂಬರ್ ಕೊನೆಯವರೆಗೆ ಮಾತ್ರ ಶನಿವಾರ, ಆಮೇಲೆ ಪರೀಕ್ಷೆ ಮುಗಿಯುವವರೆಗೆ ಲೇತಿನ ಕಡೆ ತಲೆ ಹಾಕಕೂಡದು ಎಂಬುದು ತಂದೆಯ ಕಟ್ಟಳೆ. ನಾನೂ ಒಪ್ಪಿದ್ದೇನೆ. ಮುಂದೆ ಪಿಯುಸಿ ವಿಜ್ಞಾನವೋ, ಐಟಿಐಯಲ್ಲಿ ಎರಡು ವರ್ಷದ ಟರ್ನರ್ ತರಬೇತಿಯೋ ಎಂಬುದು ಅವರ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಟರ್ನರ್ ಎಂದರೆ ಮತ್ತೆ ಲೇತೇ ಅಲ್ಲವೇ ಎಂದು ತಂದೆ ಕೇಳುತ್ತಾರೆ. ಹೌದು, ಆದರೆ ಅಲ್ಲಿ ತಿರುಗುವುದು ಕಬ್ಬಿಣ, ಅಳತೆ ಮಿಲಿಮೀಟರಿನ ನೂರನೆಯ ಒಂದಂಶದ್ದು ಎಂದು ನಾನು ಹೇಳುತ್ತೇನೆ. ತಾಯಿಗೆ ಪಿಯುಸಿಯೇ ಆಗಬೇಕು. ಹುಡುಗನನ್ನು ಕೇಳಿದರೆ ನಗುತ್ತಾನೆ. ಸದ್ಯಕ್ಕೆ ಅವನ ಚಿಂತೆಯೆಲ್ಲ ಮೂಲೆಯಲ್ಲಿರುವ ಹೊಟ್ಟಿನ ಚೀಲದ್ದು. ಅದನ್ನು ಹೊಸ ರಾಳಕ್ಕೆ ಬೆರೆಸಿ ಹೊಯ್ದರೆ ಒಳ್ಳೆಯ ಚಿತ್ತಾರ ಬರಬಹುದೆಂದು ಅವನ ಎಣಿಕೆ. ಬರುವ ಶನಿವಾರ ನೋಡಬೇಕು.